ತೆಪ್ಪದಲ್ಲಿ ಎರಡೇ ಜಾಗ

ಮೊನ್ನೆ ಕಾಲೇಜು ಬಿಟ್ಟ ಮೇಲೆ ದೊಡ್ಡಬಳ್ಳಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ದನದ ಮೇವಿನ ಅಂಗಡಿಯವನು ಕಡಲೆಕಾಯಿ ಹಿಂಡಿಯ ಹೊಸ ಮೂಟೆ ಬಿಚ್ಚಿದ. ಆಷಾಢದ ಗಾಳಿ ಬೇರೆ. ಆ ವಾಸನೆ ರಸ್ತೆ ದಾಟಿ, ಎರಡು ಆಟೋ, ಒಂದು ಹಾಲಿನ ಟೆಂಪೊ, ಒಬ್ಬ ಪೊಲೀಸಿನವನನ್ನು ದಾಟಿ, ಬೇರೆ ಯಾರನ್ನೂ ಮುಟ್ಟದೆ ನೇರವಾಗಿ ಬಂದು ನನ್ನ ಮೂಗಿನೊಳಗೆ ಕೂತಿತು. ನಾನು ಅದನ್ನು ಆಳವಾಗಿ ಎಳೆದುಕೊಂಡೆ. ಹೊಟ್ಟೆಯಲ್ಲಿ ಏನೋ ಉರಿಯಿತು. ಹಸಿವಾಗಿದ್ದರೆ ಬೇಕರಿಯ ಎಗ್ ಪಫ್ಸ್‌ಗೆ ಆರುತ್ತಿತ್ತು. ಇದು ಹೋದ ವರ್ಷದ ಆಷಾಢದ ಹೊಟ್ಟೆಯುರಿ, ಪಫ್ಸ್‌ಗೆಲ್ಲ ಬಗ್ಗುವಂಥದ್ದಲ್ಲ.

ಈ ಹಿಂಡಿಯನ್ನು ರಾಗಿ ಹಿಟ್ಟಿನ ಜೊತೆ ಕಲಸಿ, ಗೋಲಿ ಗಾತ್ರದ ಉಂಡೆ ಮಾಡಿ ಗಾಳಕ್ಕೆ ಚುಚ್ಚಿದರೆ ಕೆರೆಯ ಮೀನು ನೆಂಟರ ಹಾಗೆ ಬರುತ್ತವೆ ಎಂದು ನನಗೆ ಹೇಳಿಕೊಟ್ಟವಳು ನನ್ನ ಅಕ್ಕ ಅಶ್ವಿನಿ. ನಮ್ಮ ಊರು ಇದೇ ತಾಲ್ಲೂಕಿನ ಮಧುರೆಯಿಂದ ಸ್ವಲ್ಪ ಒಳಗೆ. ಮನೆಯ ಹಿಂದೆ ಹೊಲ, ಹೊಲದ ಆಚೆ ಕೆರೆ. ಸ್ಕೂಲು ಬಿಟ್ಟ ಮೇಲೆ ನಾವಿಬ್ಬರೂ ಕೆರೆ ಏರಿಯ ಮೇಲೆ ಕೂತು, ಬಿದಿರು ಕಡ್ಡಿಗೆ ದಾರ ಕಟ್ಟಿ ಹಿಡಿದ ಮೀನಿನ ಕತೆ ಹೇಳಿದರೆ ನೀವು ನಂಬುವುದಿಲ್ಲ. ನಮ್ಮ ಕ್ಲಾಸಿನವರೂ ನಂಬುವುದಿಲ್ಲ. ನಾನೊಮ್ಮೆ ಹಿಡಿದ ಗೆಂಡೆ ಮೀನು ಎಷ್ಟು ದೊಡ್ಡದಿತ್ತೆಂದರೆ, ಅದನ್ನು ಹೊರಗೆಳೆದ ಮೇಲೆ ಕೆರೆಯ ನೀರು ಒಂದು ಮೆಟ್ಟಿಲು ಇಳಿಯಿತು. ಅಕ್ಕನನ್ನು ಕೇಳಿದರೆ ಅಂಗೈಯಷ್ಟಿತ್ತು ಅನ್ನುತ್ತಾಳೆ. ಪಾಪ, ಅವಳಿಗೆ ಅಳತೆ ಬರುವುದಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅಕ್ಕನಿಗೆ ಮದುವೆಯಾಯಿತು. ಹುಡುಗ ಬೂದಿಗೆರೆಯವರು, ಹೆಸರು ನವೀನ್. ಹೊಸಕೋಟೆ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮ ಭಾವನಲ್ಲಿ ಒಂದು ದೊಡ್ಡ ದೋಷವಿದೆ. ಅವರಲ್ಲಿ ಯಾವ ದೋಷವೂ ಇಲ್ಲ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಅಜ್ಜಿಗೆ ಚಿಗುರು ವೀಳ್ಯದೆಲೆ ಹುಡುಕಿ ತರುತ್ತಾರೆ, ಅಪ್ಪನ ಸ್ಕೂಟರ್ ಸದ್ದು ಕೇಳಿಯೇ ಏನು ಕೆಟ್ಟಿದೆ ಎಂದು ಹೇಳುತ್ತಾರೆ. ಮದುವೆಯಾದ ಹದಿನೈದೇ ದಿನಕ್ಕೆ ನಮ್ಮ ಮನೆಯ ನಾಯಿ ನನ್ನನ್ನು ಬಿಟ್ಟು ಅವರ ಚಪ್ಪಲಿ ಕಾಯಲು ಶುರು ಮಾಡಿತು. ಇಂಥ ಮನುಷ್ಯನನ್ನು ದ್ವೇಷಿಸುವುದು ಎಷ್ಟು ಕಷ್ಟ ಅಂತ ದ್ವೇಷಿಸಿದವರಿಗೇ ಗೊತ್ತು. ನಾನು ಬಿಡದೆ ಕಷ್ಟಪಟ್ಟೆ.

ಅಷ್ಟರಲ್ಲಿ ಆಷಾಢ ಬಂತು. ಹೊಸದಾಗಿ ಮದುವೆಯಾದ ಹುಡುಗಿ ಮೊದಲ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಸೂರಿನ ಕೆಳಗೆ ಇರಬಾರದು, ತವರಿಗೆ ಬಂದುಬಿಡಬೇಕು. ಅಳಿಯ ಬಂದು ತನ್ನ ಅತ್ತೆ ಮನೆಯ ಹೊಸ್ತಿಲು ದಾಟುವಂತಿಲ್ಲ. ಅಂದರೆ ಒಂದು ತಿಂಗಳು ಪೂರ್ತಿ ಅಕ್ಕ ಇಲ್ಲಿ, ಭಾವ ಅಲ್ಲಿ. ಈ ಆಷಾಢ ಕಂಡುಹಿಡಿದವಳು ಖಂಡಿತ ನನ್ನಂಥ ಒಬ್ಬ ತಂಗಿಯೇ. ಬೇರೆ ಯಾರಿಗೂ ಅಷ್ಟು ತಲೆ ಓಡುವುದಿಲ್ಲ.

ಅಪ್ಪ ಅಕ್ಕನನ್ನು ಕರೆತಂದ ದಿನ ಗಾಳಿ ಹೇಗಿತ್ತೆಂದರೆ ತಂತಿಗೆ ಹಾಕಿದ್ದ ಅಜ್ಜಿಯ ಸೀರೆ ಹಾರಿ, ದೇವನಹಳ್ಳಿಗೆ ಇಳಿಯುತ್ತಿದ್ದ ವಿಮಾನಕ್ಕೆ ಸ್ವಲ್ಪದರಲ್ಲಿ ತಪ್ಪಿತು. ಅಕ್ಕ ಬ್ಯಾಗು ಕೆಳಗಿಡುವ ಮುಂಚೆಯೇ ಅಜ್ಜಿ ನನಗೆ ಎಚ್ಚರಿಕೆ ಕೊಟ್ಟಳು.

"ಲೇ ಹರ್ಷಿ, ಚೆನ್ನಾಗಿ ನೋಡ್ಕೊ ನಿಮ್ಮಕ್ಕನ್ನ. ಇದೊಂದೇ ಆಷಾಢ. ಬರೋ ವರ್ಷದಿಂದ ಯಾರೂ ಕಳಿಸಲ್ಲ, ಕರೆಯೋ ಹಂಗೂ ಇಲ್ಲ."

ಆ ಮಾತು ನನಗೆ ಗಾಳದ ಹಾಗೆ ಚುಚ್ಚಿಕೊಂಡಿತು. ಒಂದೇ ತಿಂಗಳು. ಆಮೇಲೆ ಅಕ್ಕ ಹಬ್ಬಕ್ಕೆ ಬರುತ್ತಾಳೆ, ಹೋಗುತ್ತಾಳೆ, ಬ್ಯಾಗಿನ ಜಿಪ್ಪು ತೆಗೆಯುವ ಮೊದಲೇ ಹೊರಡುತ್ತಾಳೆ. ನನ್ನ ಪಾಲಿಗೆ ಅಂತ ಉಳಿದಿದ್ದು ಈ ತಿಂಗಳು ಮಾತ್ರ. ಅದರಲ್ಲೂ ಅರ್ಧ ಅವಳ ಫೋನಿಗೆ ಹೋಗುತ್ತಿತ್ತು. ಬೆಳಗ್ಗೆ ಎದ್ದರೆ "ರೀ, ತಿಂಡಿ ಆಯ್ತಾ?" ಮಧ್ಯಾಹ್ನ "ರೀ, ಊಟ ಆಯ್ತಾ?" ಒಬ್ಬ ಮನುಷ್ಯ ದಿನಕ್ಕೆ ಅಷ್ಟು ಸಲ ತಿಂದರೆ ಬದುಕುವುದಿಲ್ಲ.

ಆದರೆ ಎರಡನೇ ದಿನವೇ ಅಕ್ಕ ನನ್ನ ಜಡೆ ಎಳೆದು ಹೇಳಿದಳು. "ಲೇ, ಈ ಸಲನಾದ್ರೂ ತೆಪ್ಪ ಹಿಡಿಯೋಣ ಕಣೆ. ಒಂದಿನ ಪೂರ್ತಿ. ನಾವಿಬ್ರೇ."

ಕೆರೆಯಲ್ಲಿ ಮೀನು ಸಾಕುವ ಟೆಂಡರ್ ಹಿಡಿದವರ ತೆಪ್ಪ ಒಂದಿದೆ, ದೊಡ್ಡ ಬುಟ್ಟಿಯ ಹಾಗೆ ದುಂಡಗೆ. ಚಿಕ್ಕಂದಿನಿಂದ ಏರಿಯ ಮೇಲೆ ಕೂತು ಆ ತೆಪ್ಪ ಹೋಗುವುದನ್ನು ನೋಡಿ ನೋಡಿ ನಮ್ಮ ಕುತ್ತಿಗೆ ಎರಡಿಂಚು ಉದ್ದವಾಗಿದೆ. ನಡುನೀರಿನಲ್ಲಿ ಕೂತು ಗಾಳ ಹಾಕಬೇಕು ಎನ್ನುವುದು ನಮ್ಮಿಬ್ಬರ ಹಳೆಯ ಆಸೆ. ಅವತ್ತೇ ಹೋಗಿ ತೆಪ್ಪ ನಡೆಸುವ ಮುನಿರಾಜಣ್ಣನನ್ನು ಕೇಳಿದೆವು. ಅವನು ಆಗಲೂ ಫೋನಿನಲ್ಲಿ ಬಾಮೈದನ ಜೊತೆ ಜಗಳವಾಡುತ್ತಿದ್ದ. ಔಷಧಿ ಹೊಡೆಯುವ ಪಂಪು ತೆಗೆದುಕೊಂಡು ಹೋದ ಬಾಮೈದ ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದನಂತೆ.

ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ. "ಏನ್ರಮ್ಮಾ?"

"ಮುನಿರಾಜಣ್ಣ, ಒಂದಿನದ ಮಟ್ಟಿಗೆ ತೆಪ್ಪ ನಮಗೇ ಬೇಕು. ಗಾಳ ಹಾಕ್ತೀವಿ."

"ಗಾಳ ಹಾಕ್ಕೊಳಿ. ಬಲೆ ಬಿಟ್ರೆ ಮಾತ್ರ ನನ್ನ ಕೆಲ್ಸ ಹೋಗ್ತದೆ. ಯಾವತ್ತು ಅಂತ ನಿಮ್ಮಪ್ಪನ ಕೈಲಿ ಹೇಳ್ಸಿ." ಮತ್ತೆ ಫೋನಿಗೆ, "ನಿನಗಲ್ಲ ಕಣೋ. ನಿನಗೆ ಹೇಳೋದು ಬೇರೆ ಐತೆ."

ಅಪ್ಪನ ಕೈಲಿ ಹೇಳಿಸಿದ್ದೇ ಕೆಟ್ಟಿತು. ನಮ್ಮ ಅಪ್ಪನ ಕಿವಿಗೆ ಒಂದು ವಿಷಯ ಬಿದ್ದರೆ ಅದು ಸಮಾರಂಭವಾಗದೆ ಈಚೆ ಬರುವುದಿಲ್ಲ. "ನೀವಿಬ್ರೇ ಯಾಕೆ? ಎಲ್ರೂ ಹೋಗೋಣ. ಕೆರೆ ಹತ್ರನೇ ಮುದ್ದೆ, ಮೀನು ಸಾರು. ಚಿಕ್ಕಪ್ಪಂಗೂ ಹೇಳ್ತೀನಿ, ಅತ್ತೆಯವರಿಗೂ ಹೇಳ್ತೀನಿ" ಎಂದರು. ಸಂಜೆಯೊಳಗೆ ಇಬ್ಬರ ಪ್ಲಾನು ಒಂದು ಟೆಂಪೊ ಟ್ರಾವೆಲರ್ ತುಂಬುವಷ್ಟು ಊದಿಕೊಂಡಿತು. ಪರವಾಗಿಲ್ಲ ಎಂದುಕೊಂಡೆ. ಬರುವವರು ಬರಲಿ, ದಡದಲ್ಲಿ ಕೂತು ಈರುಳ್ಳಿ ಹೆಚ್ಚಲಿ. ತೆಪ್ಪದಲ್ಲಿ ಮಾತ್ರ ನಾನು, ಅಕ್ಕ.

ಆಮೇಲೆ ದಿನ ಗೊತ್ತು ಮಾಡುವ ಕೆಲಸ. ನಮ್ಮ ಮನೆಯಲ್ಲಿ ಮೀನು ತಿನ್ನಲು ದಿನ ಹುಡುಕುವುದಕ್ಕಿಂತ ಮದುವೆಗೆ ಮುಹೂರ್ತ ಹುಡುಕುವುದು ಸುಲಭ. ಸೋಮವಾರ ಅಜ್ಜಿಗೆ ಆಗದು. ಮಂಗಳವಾರ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತ ಸೋದರತ್ತೆ ಮೊಟ್ಟೆಯ ಹೆಸರೂ ಎತ್ತುವುದಿಲ್ಲ. ಗುರುವಾರ ಅಮ್ಮ, ಶುಕ್ರವಾರ ಇಡೀ ಮನೆ, ಶನಿವಾರ ಅಪ್ಪ. ಶ್ರಾವಣ ಬಂದರೆ ಕತೆಯೇ ಮುಗಿಯಿತು, ಮೀನಿನ ಚಿತ್ರ ನೋಡಿದರೂ ಸ್ನಾನ ಮಾಡಬೇಕು. ಕೊನೆಗೆ ಉಳಿದಿದ್ದು ಬುಧವಾರ, ಭಾನುವಾರ.

"ಭಾನುವಾರನೇ ಇಟ್ಕೊಳಣ" ಎಂದರು ಅಪ್ಪ. "ಅಳಿಯಂದ್ರಿಗೂ ರಜ. ಅವ್ರಿಗೂ ಮೀನು ಹಿಡಿಯೋ ಹುಚ್ಚು ಜಾಸ್ತಿ ಅಂತೆ. ಕೆರೆಗೇನು ಹೊಸ್ತಿಲಾ? ಬರಬಹುದು."

ಅಕ್ಕನ ಮುಖ ಹೇಗೆ ಅರಳಿತು ಅಂದರೆ ನಾನು ಕರೆಂಟು ಬಂತೇನೋ ಎಂದು ಬಲ್ಬು ನೋಡಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

ನಾನು ಬಹಳ ಸೌಮ್ಯವಾಗಿ ಬಾಯಿಬಿಟ್ಟೆ. "ಅಪ್ಪ, ಭಾನುವಾರ ಬೆಂಗಳೂರಿನೋರೆಲ್ಲ ಬಂದು ಕೆರೆ ಏರಿ ಮೇಲೆ ಕಾರು ನಿಲ್ಲಿಸ್ಕೊಂಡು ಫೋಟೋ ತೆಗೀತಿರ್ತಾರೆ. ಅಜ್ಜಿಗೆ ಕೂರೋಕೂ ಜಾಗ ಇರಲ್ಲ. ಬುಧವಾರ ಆದ್ರೆ ಕೆರೆ ಪೂರ್ತಿ ನಮ್ದೇ."

"ಬುಧವಾರ ನಿನಗೆ ಕಾಲೇಜ್ ಇಲ್ವೇನೆ?"

"ಲೆಕ್ಚರರ್ ಮಗೂಗೆ ನಾಮಕರಣ ಅಪ್ಪ. ಇಡೀ ಕಾಲೇಜಿಗೆ ಬೇಜಾರು, ಪಾಠ ಇಲ್ಲ ಅಂತ."

ಆ ಲೆಕ್ಚರರ್‌ಗೆ ಮದುವೆಯೇ ಆಗಿರಲಿಲ್ಲ. ಆದರೆ ಅಜ್ಜಿ ಕೂರುವ ಜಾಗದ ಮಾತು ಕೆಲಸ ಮಾಡಿತು. ಬುಧವಾರವೇ ಗಟ್ಟಿಯಾಯಿತು. ವಾರದ ನಡುವೆ ಫ್ಯಾಕ್ಟರಿ ಬಿಟ್ಟು ಯಾವ ಭಾವ ಬರುತ್ತಾರೆ? ನಾನು ಹಿತ್ತಲಿಗೆ ಹೋಗಿ ನಾಯಿಯ ಮುಂದೆ ಒಂದು ಸಣ್ಣ ಡ್ಯಾನ್ಸ್ ಮಾಡಿದೆ. ಅದು ಎದ್ದು ಹೋಯಿತು.

ಮರುದಿನ ಅಕ್ಕ ಫೋನು ಹಿಡಿದುಕೊಂಡೇ ಓಡಿ ಬಂದಳು. "ಹರ್ಷಿ, ಅವ್ರು ರಜ ಹಾಕಿದ್ರಂತೆ ಕಣೆ. ಬುಧವಾರಕ್ಕೆ. ಹೊಸ ರಾಡು ಬೇರೆ ತರಿಸಿದಾರಂತೆ, ರೀಲ್ ಇರೋದು."

"ಒಳ್ಳೇದಾಯ್ತು ಬಿಡು" ಎಂದೆ. ನನ್ನ ನಾಲಿಗೆ ಅಷ್ಟು ಸುಳ್ಳನ್ನು ಒಂದೇ ಸಲ ಯಾವತ್ತೂ ಹೇಳಿರಲಿಲ್ಲ.

ಇನ್ನು ಉಳಿದಿದ್ದು ಅಜ್ಜಿ ಒಬ್ಬಳೇ. ನಮ್ಮ ಮನೆಯಲ್ಲಿ ಅಪ್ಪ ತೀರ್ಮಾನ ಮಾಡುತ್ತಾರೆ, ಆಮೇಲೆ ಅಜ್ಜಿ ಏನು ಮಾಡಬೇಕೆಂದು ಹೇಳುತ್ತಾಳೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಪಕ್ಕದಲ್ಲಿ ಕೂತು ಕಾಲು ಒತ್ತಲು ಶುರು ಮಾಡಿದೆ.

"ಏನ್ ಬೇಕು ಹೇಳು" ಎಂದಳು. ನನ್ನ ಅಜ್ಜಿ ಜಾಣೆ.

"ಏನೂ ಬೇಡಜ್ಜಿ. ಒಂದು ಅನುಮಾನ. ಕೆರೆ ಹತ್ರ ಮಳೆ ಬರುತ್ತೆ ಅಂತ ಟಾರ್ಪಾಲು ಕಟ್ತೀವಲ್ಲ, ಅದು ಸೂರೇ ಅಲ್ವಾ?"

"ಸೂರೇ."

"ಸೂರು ಅಂದ್ಮೇಲೆ ಒಳಗೆ, ಹೊರಗೆ ಅಂತ ಆಗುತ್ತೆ. ಒಳಗೆ ಅಮ್ಮ ಇರ್ತಾರೆ. ಭಾವನೂ ಒಳಗೆ ಬಂದ್ರೆ, ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಸೂರಿನ ಕೆಳಗೆ ಆದಂಗೆ ಆಗಲ್ವಾ? ನಂಗೇನಿಲ್ಲಪ್ಪ. ಅಕ್ಕಂಗೆ ಒಳ್ಳೇದಾಗ್ಲಿ ಅಂತ."

ಅಜ್ಜಿ ಎಲೆ ಮಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಹದಿನೇಳು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನನ್ನ ಬಗ್ಗೆ ಗೌರವ ಕಂಡಿತು. "ಈ ಮನೇಲಿ ನಿನಗೊಬ್ಬಳಿಗಾದ್ರೂ ಬುದ್ಧಿ ಐತಲ್ಲ. ನಿಜ. ನವೀನಪ್ಪ ಟಾರ್ಪಾಲಿನೊಳಕ್ಕೆ ಬರಂಗಿಲ್ಲ."

ಗೆದ್ದೆ ಎಂದುಕೊಂಡು ಇನ್ನೊಂದು ಕಾಲನ್ನೂ ಒತ್ತಿದೆ. ಅಜ್ಜಿ ಎಲೆ ಬಾಯಿಗೆ ಹಾಕಿ, ಅಗಿದು, ರಸ ನುಂಗಿ, ಮಾತು ಮುಗಿಸಿದಳು.

"ಬೆಳಗಿಂದ ಸಂಜೆಗಂಟ ತೆಪ್ಪದಲ್ಲೇ ಇರ್ಲಿ. ನೀರ ಮೇಲೆ ಯಾವ ಸೂರೂ ಇಲ್ಲ."

ಅಲ್ಲಿಗೆ, ನಾನೇ ಕಾಲು ಒತ್ತಿ, ನಾನೇ ಬುದ್ಧಿ ಹೇಳಿ, ನಾನೇ ತೆಪ್ಪವನ್ನು ಭಾವನ ಮಡಿಲಿಗೆ ಇಟ್ಟು ಬಂದ ಹಾಗಾಯಿತು. ಆ ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಎರಡೇ ತಿಂದೆ.

ಬುಧವಾರ ಬಂತು. ಮೋಡ ಕೆರೆಯ ಮೇಲೆ ಒದ್ದೆ ಕಂಬಳಿಯ ಹಾಗೆ ಇಳಿಬಿದ್ದಿತ್ತು. ಗಾಳಿ, ನಡುನಡುವೆ ತುಂತುರು. ಆಚೆ ಹೊಲದಲ್ಲಿ ರಾಗಿ ಬಿತ್ತುವವರು ಕೂರಿಗೆ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನಮ್ಮ ದಂಡನ್ನು ನೋಡಿದರು. ನೋಡುವ ಹಾಗೆಯೇ ಇದ್ದೆವು. ಪಾತ್ರೆ, ಚಾಪೆ, ಸೌದೆ, ರುಬ್ಬಿದ ಖಾರದ ಡಬ್ಬ, ಅಷ್ಟೂ ಸಾಲದೆಂದು ಒಂದು ಚೀಲದಲ್ಲಿ ಕೋಳಿ. "ಇವ್ರು ಹಿಡಿಯೋ ಮೀನು ನಂಬ್ಕೊಂಡ್ರೆ ಬರೀ ಮುದ್ದೆ ನುಂಗ್ಬೇಕಾಯ್ತದೆ" ಎಂದು ಅಜ್ಜಿಯೇ ಹಿಡಿಸಿದ್ದಳು. ಎರಡು ಹೊಂಗೆ ಮರಗಳ ನಡುವೆ ಅಪ್ಪ, ಚಿಕ್ಕಪ್ಪ ನೀಲಿ ಟಾರ್ಪಾಲು ಕಟ್ಟಿದರು.

ಭಾವ ಬೈಕಿನಲ್ಲಿ ಬಂದರು. ಟಾರ್ಪಾಲಿನಿಂದ ದೂರದಲ್ಲೇ ಬೈಕು ನಿಲ್ಲಿಸಿ, ಅಲ್ಲಿಂದಲೇ ಅಮ್ಮನಿಗೆ ಕೈ ಮುಗಿದರು. "ಚೆನ್ನಾಗಿದೀರಾ ಅತ್ತೆ?"

"ಚೆನ್ನಾಗಿದೀವಿ. ನೀವು ತಿಂಡಿ ತಿಂದ್ರಾ?" ಎಂದು ಅಮ್ಮ ಟಾರ್ಪಾಲಿನೊಳಗಿನಿಂದ ಕೂಗಿದಳು. ರಸ್ತೆಯ ಎರಡು ಕಡೆಯ ಅಂಗಡಿಯವರು ಮಾತಾಡುವ ಹಾಗಿತ್ತು.

ಅವರ ರಾಡಿನ ಬಗ್ಗೆ ಹೇಳಲೇಬೇಕು. ಅದನ್ನು ಪೂರ್ತಿ ಎಳೆದು ಬಿಚ್ಚಿದಾಗ ಇನ್ನೊಂದು ತುದಿ ಪಕ್ಕದ ತಾಲ್ಲೂಕಿನಲ್ಲಿತ್ತು. ಹುಕ್ಕು, ಬೆಂಡು, ಬಣ್ಣದ ಪ್ಲಾಸ್ಟಿಕ್ ಹುಳ ಎಲ್ಲದಕ್ಕೂ ಗೂಡು ಗೂಡಾದ ಡಬ್ಬಿ. ನನ್ನ ಕೈಯಲ್ಲಿ ಅದೇ ಬಿದಿರು ಕಡ್ಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಿಂಡಿ ಉಂಡೆ. ಅಕ್ಕ ನನ್ನ ಉಂಡೆಯನ್ನೂ ನೋಡಿದಳು, ಅವರ ಡಬ್ಬಿಯನ್ನೂ ನೋಡಿದಳು. ಡಬ್ಬಿಯನ್ನೇ ಒಂದು ಕ್ಷಣ ಜಾಸ್ತಿ ನೋಡಿದಳು. ನಾನು ಗಮನಿಸಿದೆ.

ಮುನಿರಾಜಣ್ಣ ತೆಪ್ಪ ತಂದು ದಡಕ್ಕೆ ಒರಗಿಸಿದ. ಅದರಲ್ಲಿ ನಾಲ್ಕು ಜನ ಆರಾಮಾಗಿ ಕೂರಬಹುದಿತ್ತು. ಆದರೆ ಅಜ್ಜಿ ಗಾಳಿಯನ್ನು ನೋಡಿದಳು, ನೀರನ್ನು ನೋಡಿದಳು. "ಟ್ಯೂಬ್ ಹಾಕ್ಕೊಳ್ದೆ ಒಂದು ನರಪಿಳ್ಳೆನೂ ನೀರಿಗಿಳಿಯಂಗಿಲ್ಲ" ಎಂದಳು. ಚಿಕ್ಕಪ್ಪ ಗಾಳಿ ತುಂಬಿ ತಂದಿದ್ದ ಲಾರಿ ಟ್ಯೂಬುಗಳು. ಒಂದೊಂದು ಟ್ಯೂಬು ಸೊಂಟಕ್ಕೆ ಬಂದ ಮೇಲೆ ಒಬ್ಬೊಬ್ಬರು ಮೂರು ಜನದ ಜಾಗ ಹಿಡಿಯುತ್ತಿದ್ದೆವು. ಮುನಿರಾಜಣ್ಣ ಕಣ್ಣಲ್ಲೇ ಅಳೆದ.

"ಇಂಗಾದ್ರೆ ಇಬ್ರೇ. ಮೂರನೆಯೋರು ನನ್ನ ತೊಡೆ ಮೇಲೆ ಕೂರಬೇಕಾಯ್ತದೆ."

ಒಬ್ಬರು ಭಾವ. ಅದು ಅಜ್ಜಿಯ ಕಾನೂನು. ಇನ್ನೊಂದು ಜಾಗ.

ಅಕ್ಕ ಆಗಲೇ ಒಂದು ಟ್ಯೂಬು ಎತ್ತಿಕೊಂಡಿದ್ದಳು. ನನ್ನನ್ನು ನೋಡಿ ನಿಂತಳು. ನಾನು ಬಿದಿರು ಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಆದಷ್ಟು ಪಾಪದ ಮುಖ ಮಾಡಿಕೊಂಡೆ. ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ ಮುಖ ಅದು, ಪ್ರಿನ್ಸಿಪಾಲರ ಮುಂದೆಯೂ ಕೆಲಸ ಮಾಡಿದೆ.

"ನೀನು ಹೋಗ್ತೀಯೇನೆ?" ಎಂದಳು ಅಕ್ಕ. ಆ ದನಿಯಲ್ಲಿ ತಾನು ಹೋಗಬೇಕು ಅನ್ನುವುದೂ ಇತ್ತು, ಬಿಟ್ಟುಕೊಡುತ್ತೇನೆ ಅನ್ನುವುದೂ ಇತ್ತು. ಬಿಟ್ಟುಕೊಡುವ ಅಕ್ಕ ನನಗೆ ಬೇಕಾಗಿರಲಿಲ್ಲ. ಅವಳು ಟ್ಯೂಬನ್ನು ನೀರಿಗೆ ಎಸೆದು, ಹೊಳೆಯುವ ಡಬ್ಬಿಯ ಭಾವನನ್ನು ಬಿಟ್ಟು, ನನ್ನ ಪಕ್ಕ ಏರಿಯ ಮೇಲೆ ಕೂತು ಗಾಳ ಹಾಕಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಆಗ ಅಮ್ಮ ಟಾರ್ಪಾಲಿನ ಅಂಚಿಗೆ ಬಂದಳು. ಅಷ್ಟು ದಿನದ ಪ್ಲಾನಿನಲ್ಲಿ ಖಾರ ರುಬ್ಬುವುದು ಬಿಟ್ಟರೆ ಅವಳು ಒಂದು ಮಾತೂ ಆಡಿರಲಿಲ್ಲ. "ಹರ್ಷಿನೇ ಹೋಗ್ಲಿ ಬಿಡು" ಎಂದಳು. "ಚಿಕ್ಕೋಳು, ಆಸೆ ಪಡ್ತಾಳೆ. ಮೀನು ಹಿಡಿಯೋದ್ರಲ್ಲಿ ಇವಳ್ನ ಮೀರ್ಸೋರು ಯಾರು?"

ಹೊಗಳಿಕೆ ಕೇಳಿದರೆ ನನಗೆ ಉಳಿದದ್ದು ಕೇಳಿಸುವುದಿಲ್ಲ. ಅದೂ ಅಲ್ಲದೆ ಒಂದು ಲೆಕ್ಕ ತಕ್ಷಣ ತಲೆಗೆ ಹೊಳೆಯಿತು. ನಾನು ಹತ್ತಿದರೆ ಅಕ್ಕ ಹತ್ತುವಂತಿಲ್ಲ. ಭಾವನಿಗೆ ಇಡೀ ದಿನ ಅಕ್ಕ ಸಿಗುವುದಿಲ್ಲ. ಟ್ಯೂಬು ಸಿಕ್ಕಿಸಿಕೊಂಡು ಹತ್ತಿಬಿಟ್ಟೆ.

ನಡುನೀರಿಗೆ ಹೋದ ಮೇಲೆ ಗೊತ್ತಾಯಿತು. ಭಾವನಿಗೆ ಅಕ್ಕ ಸಿಗಲಿಲ್ಲ, ನಿಜ. ನನಗೆ ಸಿಕ್ಕಿದ್ದು ಭಾವ.

ಗಾಳಿಗೆ ತೆಪ್ಪ ಬುಗುರಿಯ ಹಾಗೆ ಸುತ್ತುತ್ತಿತ್ತು. ಮುನಿರಾಜಣ್ಣ ಒಂದು ಕೈಯಲ್ಲಿ ಹುಟ್ಟು ಹಾಕುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಬಾಮೈದನ ವಂಶವನ್ನೆಲ್ಲ ನೆನೆಯುತ್ತಿದ್ದ. ಒಂದೊಂದು ಸುತ್ತಿಗೆ ಒಮ್ಮೆ ದಡ ಎದುರಿಗೆ ಬರುತ್ತಿತ್ತು. ಬಂದಾಗಲೆಲ್ಲ ನಾನೂ ಭಾವನೂ ಒಟ್ಟಿಗೆ ಕತ್ತು ತಿರುಗಿಸಿ ಅಕ್ಕನನ್ನು ನೋಡುತ್ತಿದ್ದೆವು. ಸಣ್ಣದಾಗಿ ಕಾಣುತ್ತಿದ್ದಳು, ಹಳದಿ ಚೂಡಿದಾರ. ಒಂದು ಸಲ ಕೈ ಬೀಸಿದಳು. ಇಬ್ಬರೂ ಬೀಸಿದೆವು.

"ನಂಗೆ ಬೀಸಿದ್ದು" ಎಂದೆ.

"ಇರಬಹುದು" ಎಂದರು ಭಾವ. ನೋಡಿದಿರಾ, ಜಗಳಕ್ಕೂ ಬರದ ಮನುಷ್ಯ.

ನನಗೆ ತಡೆಯಲಿಲ್ಲ. ಅಕ್ಕ ನನಗೆ ಏನೇನು ಅಂತ ಶುರು ಮಾಡಿದೆ. ಅವಳು ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಈ ಕೆರೆಯನ್ನು ಈಜಿದ್ದಳು ಅಂದೆ. ಅವಳಿಗೆ ಈಜು ಬರುವುದಿಲ್ಲ. ನನಗೆ ಜ್ವರ ಬಂದಾಗ ಒಂದು ವಾರ ಊಟ ಬಿಟ್ಟಿದ್ದಳು ಅಂದೆ. ಅವಳು ಬಿಟ್ಟಿದ್ದು ನನ್ನ ಪಾಲಿನ ಹಾಗಲಕಾಯಿ ಪಲ್ಯ ಮಾತ್ರ. ಭಾವ ನೀರಿನ ಮೇಲೆ ತೇಲುವ ಬೆಂಡನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಗೊತ್ತು ಕಣಮ್ಮ" ಎಂದರು ಕೊನೆಗೆ. "ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿ."

ನನ್ನ ಕೈಯಲ್ಲಿದ್ದ ಹಿಂಡಿ ಉಂಡೆ ನೀರಿಗೆ ಬಿತ್ತು.

"ಮದುವೆಯಾದ ಮಾರನೇ ದಿನದಿಂದ ನೋಡ್ತಿದೀನಿ. ಊಟಕ್ಕೆ ಕೂತ್ರೆ, ಹರ್ಷಿ ಇದ್ದಿದ್ರೆ ಇನ್ನೊಂದು ಮುದ್ದೆ ಹಾಕಿಸ್ಕೊಳ್ಳೋಳು. ಟೀವಿ ನೋಡಿದ್ರೆ, ಹರ್ಷಿ ಇದ್ದಿದ್ರೆ ಇದಕ್ಕೆ ನಗೋಳು. ನಾನು ಜೋಕ್ ಹೇಳಿದ್ರೆ, ಹರ್ಷಿ ಇನ್ನೂ ಚೆನ್ನಾಗಿ ಹೇಳ್ತಾಳೆ ರೀ. ಆಷಾಢಕ್ಕೆ ಮುಂಚೆ ಒಂದಿನ ಒದ್ದೆ ಟವೆಲ್ ಮಂಚದ ಮೇಲೆ ಹಾಕಿದ್ದಕ್ಕೆ, ಲೇ ಹರ್ಷಿ, ಎಷ್ಟು ಸಲ ಹೇಳ್ಬೇಕೇ ನಿಂಗೆ ಅಂತ ಬೈದ್ಲು. ನನಗೆ. ನಮ್ಮಮ್ಮ ನಕ್ಕಿದ್ದು ಇನ್ನೂ ನಿಂತಿಲ್ಲ."

ನನಗೆ ಆದ ಖುಷಿಗೆ ತೆಪ್ಪ ಎರಡು ಸುತ್ತು ಜಾಸ್ತಿ ಸುತ್ತಿತು. ಒಬ್ಬ ದೊಡ್ಡ ಮನುಷ್ಯ, ಸಂಬಳ ತರುವವರು, ರೀಲ್ ಇರುವ ರಾಡಿನವರು, ನನ್ನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಾರೆ. ಆದರೆ ಆ ಖುಷಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಹುಳಿಯಾಯಿತು. ಒದ್ದೆ ಟವೆಲಿನ ಬೈಗುಳ ನನ್ನದು. ನನ್ನ ಹೆಸರಿನಲ್ಲೇ ಬಂದಿತ್ತು. ಅದನ್ನು ಬೂದಿಗೆರೆಯಲ್ಲಿ ಕೂತು ಇವರು ತಿನ್ನುತ್ತಿದ್ದಾರೆ. ಇಲ್ಲಿ ನನ್ನ ಟವೆಲು ಮಂಚದ ಮೇಲೆ ಒಣಗಿ ಮತ್ತೆ ಒದ್ದೆಯಾದರೂ ಕೇಳುವವರಿಲ್ಲ.

"ಅದೆಲ್ಲ ನನ್ನ ಬೈಗುಳ ಭಾವ" ಎಂದೆ.

"ತಗೋ ವಾಪಸ್ಸು. ನಂಗೇನು ಬೇಕಾಗಿಲ್ಲ" ಎಂದರು. ಆದರೆ ಹೇಳುವಾಗ ಹಲ್ಲು ಕಿರಿಯುತ್ತಿದ್ದರು. ಬೇಕಾಗಿತ್ತು ಅವರಿಗೆ, ಚೆನ್ನಾಗಿ ಬೇಕಾಗಿತ್ತು.

ಅಷ್ಟರಲ್ಲಿ ಅವರ ಪ್ಲಾಸ್ಟಿಕ್ ಹುಳಕ್ಕೆ ನಾಲ್ಕೈದು ಜಿಲೇಬಿ ಮೀನು ಬಿದ್ದಿದ್ದವು, ನನಗೂ ಅಷ್ಟೇ. ಇಬ್ಬರಿಗೂ ದಡಕ್ಕೆ ಹೋಗುವ ಆತುರ. ಯಾಕೆ ಅಂತ ಇಬ್ಬರೂ ಹೇಳಲಿಲ್ಲ. ಹತ್ತಿರ ಬರುತ್ತಿದ್ದಂತೆ ಅಮ್ಮ ಏರಿಯ ಮೇಲೆ ನಿಂತು ಕೈ ಅಡ್ಡ ಬೀಸಿದಳು. "ಅಷ್ಟು ಮೀನು ಯಾರ ಹಲ್ಲಿಗೆ ಸಾಕು? ಇನ್ನೊಂದು ರೌಂಡ್ ಹೋಗ್ಬನ್ನಿ."

ಹೋದೆವು. ಎರಡನೆಯ ಸಲ ಬಂದಾಗ ಮತ್ತೆ ಎದ್ದು ಬಂದಳು. "ಸೌದೆ ಹಸಿ ಐತೆ, ಬರೀ ಹೊಗೆ. ಈಗ್ಲೇ ಬಂದ್ರೆ ಕಣ್ಣುರಿ. ಆ ಕಡೆ ಕೋಡಿ ಹತ್ರ ದೊಡ್ಡ ಮೀನು ಸಿಗ್ತವಂತೆ, ನೋಡಿ."

ಕೋಡಿಯ ಹತ್ತಿರ ದೊಡ್ಡ ಮೀನು ಸಿಕ್ಕಿದ್ದು ನಿಜ. ನನ್ನ ಬಿದಿರು ಕಡ್ಡಿಗೆ, ನನ್ನ ಹಿಂಡಿ ಉಂಡೆಗೆ ಒಂದು ಕಾಟ್ಲ ಕಚ್ಚಿತು. ಎಂಥ ಕಾಟ್ಲ ಅಂದರೆ ಅದು ತೆಪ್ಪವನ್ನೂ, ಮೂರು ಜನವನ್ನೂ, ಎರಡು ಲಾರಿ ಟ್ಯೂಬನ್ನೂ ಎಳೆದುಕೊಂಡು ಕೆರೆಯನ್ನು ಒಂದು ಸುತ್ತು ಹೊಡೆಯಿತು. ದಾರ ನನ್ನ ಅಂಗೈ ಕೊಯ್ಯುತ್ತಿತ್ತು. ಭಾವ ತಮ್ಮ ರಾಡು ಬಿಸಾಡಿ ನನ್ನ ಕಡ್ಡಿಗೆ ಕೈ ಹಾಕಿದರು. ಟ್ಯೂಬಿನಿಂದಾಗಿ ಇಬ್ಬರಿಗೂ ಬಗ್ಗಲು ಬರುವುದಿಲ್ಲ, ನೀರಿಗೆ ಕೈ ಎಟುಕುವುದಿಲ್ಲ. ಮುನಿರಾಜಣ್ಣ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಆ ಪಂಪು ನಾಳೆ ಬೆಳಿಗ್ಗೆ ಮನೆ ಮುಂದೆ ಇರ್ಬೇಕು" ಎಂದು ಗದರುತ್ತಲೇ ಕಿವಿರಿಗೆ ಬೆರಳು ಹಾಕಿ ಮೀನನ್ನು ಎತ್ತಿ ನಮ್ಮ ಮಧ್ಯೆ ಹಾಕಿದ.

ಅದರ ಉದ್ದ ಎಷ್ಟಿತ್ತು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನಕ್ಕುಬಿಡುತ್ತೀರಿ. ಭಾವ ಮೊಳದುದ್ದ ಅನ್ನುತ್ತಾರೆ. ಅವರಿಗೂ ಅಳತೆ ಬರುವುದಿಲ್ಲ, ಒಂದೇ ಮನೆಯಲ್ಲಿದ್ದು ಅಕ್ಕನ ರೋಗ ಹತ್ತಿದೆ.

"ಇದನ್ನ ಅಕ್ಕಂಗೆ ನಾನು ತೋರಿಸ್ತೀನಿ" ಎಂದೆ.

"ಇಬ್ರೂ ಹಿಡ್ಕೊಂಡು ಹೋಗೋಣ" ಎಂದರು.

"ನೀವು ಟಾರ್ಪಾಲಿನೊಳಗೆ ಬರಂಗಿಲ್ಲ ಭಾವ."

"ಅಂಚಿನ ತನಕ ಬರ್ತೀನಿ."

ಈ ಸಲ ಏರಿಯ ಮೇಲೆ ಅಮ್ಮ ಕಾಣಲಿಲ್ಲ, ಯಾರೂ ತಡೆಯಲಿಲ್ಲ. ತುಂತುರು ದಪ್ಪವಾಗಿತ್ತು. ತೆಪ್ಪ ದಡ ಮುಟ್ಟುವ ಮೊದಲೇ ನಾವು ಇಬ್ಬರೂ ಇಳಿದು, ಟ್ಯೂಬು ಕಳಚಿ, ಕಾಟ್ಲವನ್ನು ತಲೆ ನಾನು ಬಾಲ ಅವರು ಹಿಡಿದು ಏರಿ ಹತ್ತಿದೆವು. ಸಾರಿನ ಪಾತ್ರೆಯ ಮುಂದೆ ಅಜ್ಜಿ ಕೂತಿದ್ದಳು. ಚೀಲದ ಕೋಳಿ ಆಗಲೇ ಕುದಿಯುತ್ತಿತ್ತು. ಅಮ್ಮ ಹಸಿ ಅಂದಿದ್ದ ಸೌದೆ ಕರ್ಪೂರದ ಹಾಗೆ ಉರಿಯುತ್ತಿತ್ತು, ಹೊಗೆಯ ಸುಳಿವಿಲ್ಲ.

ಟಾರ್ಪಾಲಿನ ಕೆಳಗೆ ಚಾಪೆಯ ಮೇಲೆ ಅಮ್ಮ ಕಾಲು ನೀಡಿ ಕೂತಿದ್ದಳು. ಅವಳ ತೊಡೆಯ ಮೇಲೆ ಅಕ್ಕ ಮಲಗಿದ್ದಳು. ಮಡಿಸಿಕೊಂಡ ಮೊಣಕಾಲು, ಬಾಯಿ ಸ್ವಲ್ಪ ತೆರೆದುಕೊಂಡು, ಒಳ್ಳೆಯ ನಿದ್ದೆ. ಫೋನು ಎಲ್ಲೋ ದೂರದಲ್ಲಿ ಬೋರಲು ಬಿದ್ದಿತ್ತು. ಹನಿ ಸಿಡಿಯದ ಹಾಗೆ ಅಮ್ಮ ತನ್ನ ಸೆರಗನ್ನು ಅಕ್ಕನ ಮುಖದ ಮೇಲೆ ಚಪ್ಪರದಂತೆ ಹಿಡಿದಿದ್ದಳು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ, ಸೆರಗಿನ ಅಂಚು ತೊಯ್ದು ಹೋಗಿತ್ತು.

"ಅಕ್ಕ, ನೋಡೇ" ಎಂದು ಬಾಯಿ ತೆರೆದೆ.

"ಶ್" ಎಂದಳು ಅಮ್ಮ. ಮೆಲ್ಲಗೆ, ತುಟಿಯಲ್ಲೇ. "ಈಗ ತಾನೇ ಮಲಗಿದಾಳೆ. ಬೆಳಗಿಂದ ಎಷ್ಟು ಮಾತಾಡಿದ್ಲು ಗೊತ್ತಾ. ಸದ್ದು ಮಾಡ್ಬೇಡಿ. ಆ ಕಡೆ ಹೋಗಿ ಮೀನು ಕ್ಲೀನ್ ಮಾಡಿ, ಇಬ್ರೂ."

ಬೆಳಗಿಂದ ಮಾತಾಡಿದ್ದಳಂತೆ. ನನ್ನ ಹತ್ತಿರ ಆ ತಿಂಗಳು ಪೂರ್ತಿ ಅಷ್ಟು ಹೊತ್ತು ಮಾತಾಡಿರಲಿಲ್ಲ. ಏನು ಮಾತಾಡಿದಳೋ, ಅದು ಅಮ್ಮನಿಗೇ ಗೊತ್ತು, ಇವತ್ತಿಗೂ ಹೇಳಿಲ್ಲ.

ನಾವು ಮಳೆಯಲ್ಲಿ ಒಂದು ಕಲ್ಲಿನ ಹತ್ತಿರ ಕೂತೆವು. ಭಾವ ಚಾಕು ತೆಗೆದರು. ನಾನು ಮೀನು ಹಿಡಿದೆ. ಹುರುಪೆ ನಮ್ಮ ಮುಖಕ್ಕೆ ಹಾರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇಬ್ಬರ ಕಣ್ಣೂ ಟಾರ್ಪಾಲಿನ ಕಡೆಗೇ.

"ಅತ್ತೆ ನಮ್ಮಿಬ್ರನ್ನೂ ಬೇಕಂತಲೇ ನೀರಿಗೆ ಅಟ್ಟಿದ್ರು ಅಂತೀಯಾ?" ಎಂದು ಭಾವ ಪಿಸುಗುಟ್ಟಿದರು.

"ನಮ್ಮಮ್ಮಂಗೆ ಅಷ್ಟೆಲ್ಲ ತಲೆ ಓಡಲ್ಲ ಭಾವ" ಎಂದೆ.

ಆಗ ಅಮ್ಮ ತಲೆ ಎತ್ತಿ, ಅಕ್ಕನ ಮೇಲಿಂದ ನನ್ನನ್ನು ನೋಡಿದಳು. ನಕ್ಕಳು. ತುಟಿಯ ಒಂದೇ ಮೂಲೆ ಮೇಲೆದ್ದ, ಸದ್ದಿಲ್ಲದ ನಗು. ಆ ನಗು ನನಗೆ ಚೆನ್ನಾಗಿ ಗೊತ್ತು. ಅದನ್ನು ನಾನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ.